ಕೆಚ್ಚಲು ಕೂತವಳು

ಮೈಸೂರು
12 ಜುಲೈ 2022

ಪ್ರೀತಿಯ ಮೋನಿ,

ಕಾಗದ ನೋಡಿ ನಗಬೇಡ. ನನ್ನ ನಂಬರು ಬ್ಲಾಕ್ ಮಾಡಿದ್ದೀಯ, ವಾಟ್ಸಾಪಿನಲ್ಲಿ ನಿನ್ನ ಫೋಟೋ ಕೂಡ ಕಾಣಿಸುವುದಿಲ್ಲ. ಹನೂರಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದೀಯ ಎಂದು ಡಿಪಾರ್ಟ್‌ಮೆಂಟಿನ ಅಟೆಂಡರ್ ರಂಗನಾಯಕ ಹೇಳಿದ. ಅವನಿಂದಲೇ ವಿಳಾಸ ಇಸಿದುಕೊಂಡೆ. ಸ್ಟಾಂಪು ಅಂಟಿಸಿ ಎಷ್ಟು ವರ್ಷವಾಗಿತ್ತೋ, ಬೆರಳೆಲ್ಲ ಗೋಂದು.

ಹಾಸ್ಟೆಲ್ಲಿನಲ್ಲಿ ನಿನ್ನ ಮಂಚಕ್ಕೆ ಹೊಸ ಹುಡುಗಿ ಬಂದಿದ್ದಾಳೆ. ಫ್ಯಾನು ಆರಿಸದೆ ಹೊರಟುಬಿಡುತ್ತಾಳೆ, ನನ್ನ ಉಪ್ಪಿನಕಾಯಿಗೆ ಕೇಳದೆ ಕೈ ಹಾಕುತ್ತಾಳೆ. ನೀನಾದರೆ ಕೇಳಿ ಕೈ ಹಾಕುತ್ತಿದ್ದೆ, ಬಾಟಲಿ ಖಾಲಿಯಾಗುತ್ತಿದ್ದದ್ದು ಮಾತ್ರ ಅಷ್ಟೇ ಬೇಗ.

ಎಂ.ಫಿಲ್.ನಿಂದ ಪಿಎಚ್.ಡಿ.ಗೆ ಕನ್ವರ್ಷನ್ ಆದ ಆದೇಶ ಕೊನೆಗೂ ಕೈಗೆ ಬಂತು. ಶಾಂತಮೂರ್ತಿ ಸರ್ ಕರೆದು ಕೂರಿಸಿಕೊಂಡು ಒಂದು ಮಾತು ಹೇಳಿದರು. ಯಳಂದೂರು ಕಡೆಯ ಗದ್ದೆ ಕೆಲಸದ ಹೆಂಗಸರ ಮೇಲೆ ನಾನು ಮಾಡಿದ್ದು ಎಂ.ಫಿಲ್.ಗೆ ಸಾಕಾಗುತ್ತಿತ್ತಂತೆ, ಪಿಎಚ್.ಡಿ.ಗೆ ತೂಕ ಸಾಲದಂತೆ. 'ಕೊಳ್ಳೇಗಾಲದ ರೇಷ್ಮೆ ಮಗ್ಗದ ಹೆಂಗಸರನ್ನೂ ಸೇರಿಸಿಕೊ' ಅಂದರು. ಅದು ನಿನ್ನ ವಿಷಯ ಎಂದು ನಾನು ನೆನಪಿಸಿದೆ. 'ಮೋನಿಕಾ ಇನ್ನು ಮುಂದುವರಿಸುವ ಹಾಗಿಲ್ಲವಲ್ಲ' ಅಂದರು. ನನ್ನ ಮೇಲೆ ರೇಗಬೇಡ, ಹೇಳಿದವರು ಅವರು.

ನಡೆದದ್ದು ನಡೆದುಹೋಯಿತು ಮೋನಿ. ನಿನ್ನ ಅಮ್ಮನಿಗೆ ಒಂದು ಮಾತು ಹೇಳಿದರೆ ನಿಮ್ಮ ಮಗ್ಗದ ಬೀದಿಯ ನಾಲ್ಕು ಮನೆಗೆ ನನ್ನನ್ನು ಕರೆದುಕೊಂಡು ಹೋಗುತ್ತಾರೆ. ನೀನು ಹೇಳದೆ ಹೋದರೆ ನನ್ನನ್ನು ಜಗುಲಿಯಲ್ಲೇ ಕೂರಿಸಿ ಕಾಫಿ ಕೊಟ್ಟು ಕಳಿಸುತ್ತಾರೆ. ಹೇಳುತ್ತೀಯಲ್ಲ?

ಎಂದಿನಂತೆ ನಿನ್ನ,
ನಾಗು


ಹನೂರು
24 ಜುಲೈ 2022

ನಾಗಶ್ರೀಗೆ,

ಕಾಗದ ನೋಡಿ ನಗಲಿಲ್ಲ. ನಗು ಬರುವಂಥದ್ದೇನೂ ಅದರಲ್ಲಿರಲಿಲ್ಲ.

ನಡೆದದ್ದು ನಡೆದುಹೋಯಿತು ಅಂದಿದ್ದೀಯ. ಏನು ನಡೆಯಿತು ಎಂದು ಯಾರಾದರೂ ಒಬ್ಬರು ಬಾಯಿಬಿಟ್ಟು ಹೇಳಬೇಕಲ್ಲ, ನಾನೇ ಹೇಳುತ್ತೇನೆ. ನಾವಿಬ್ಬರೂ ಒಂದೇ ದಿನ ಎಂ.ಫಿಲ್.ಗೆ ಸೇರಿದವರು, ಇಬ್ಬರಿಗೂ ಒಬ್ಬರೇ ಗೈಡು. ಮೊದಲ ವರ್ಷದ ಕೆಲಸವನ್ನು ಕಮಿಟಿಯ ಮುಂದೆ ಮಂಡಿಸಿ ಒಪ್ಪಿಸಿದರೆ ಅದೇ ನೋಂದಣಿ ಪಿಎಚ್.ಡಿ.ಗೆ ಬದಲಾಗುತ್ತದೆ. ಇಲ್ಲದಿದ್ದರೆ ಎಂ.ಫಿಲ್. ಮುಗಿಸಿಕೊಂಡು ಮನೆ ದಾರಿ. ಸರ್ ಹತ್ತಿರ ಉಳಿದಿದ್ದದ್ದು ಒಂದೇ ಸೀಟು. ಇಬ್ಬರೂ ಮಂಡಿಸಿ, ಯಾರದು ಗಟ್ಟಿಯೋ ಅವರಿಗೆ ಅಂದಿದ್ದರು. ಆ ಸಂಜೆ ನೀನು ನನ್ನ ಮಂಚದ ಮೇಲೆ ಕೂತು 'ನಿನ್ನದೇ ಗಟ್ಟಿ ಕಣೆ' ಅಂದೆ. ನಾನು ಅದನ್ನು ಪ್ರೀತಿ ಅಂದುಕೊಂಡೆ.

ಮಂಡನೆ ಮಾರ್ಚ್ ತಿಂಗಳ ಒಂದು ಗುರುವಾರ ಅಂತ ಗೊತ್ತಾಗಿತ್ತು. ಹೊರಗಿನಿಂದ ಬರುವ ಸದಸ್ಯರಿಗೆ ಅನುಕೂಲವಿಲ್ಲವೆಂದು ಅದು ಬುಧವಾರಕ್ಕೆ ಬಂತು. ಸರ್ ನಿನಗೆ ತಿಳಿಸಿ, ಮೋನಿಕಾಗೂ ಹೇಳು ಅಂದರು. ನಾನು ಕೊಳ್ಳೇಗಾಲದಲ್ಲಿ ಮನೆಯಲ್ಲಿದ್ದೆ. ಗುರುವಾರ ಬೆಳಿಗ್ಗೆ ಅಪ್ಪ ನೇಯ್ದ ಸೀರೆ ಉಟ್ಟುಕೊಂಡು, ಪೆನ್‌ಡ್ರೈವನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡು ಬಂದೆ. ರಂಗನಾಯಕ ಸೆಮಿನಾರ್ ಹಾಲಿನ ಕುರ್ಚಿ ಎತ್ತಿಡುತ್ತಿದ್ದವನು ನನ್ನನ್ನು ನೋಡಿ, "ಇದೇನವ್ವಾ ಇವತ್ತು ಬಂದ್ರಿ? ನೆನ್ನೇನೇ ಮುಗ್ದೋಯ್ತಲ್ಲ" ಅಂದ. ಅವನ ಮುಖದಲ್ಲಿದ್ದ ಅಯ್ಯೋಪಾಪ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಸರ್ ತಲೆಯೆತ್ತದೆ 'ನಾಗಶ್ರೀಗೆ ಹೇಳಿದ್ದೆನಲ್ಲ' ಅಂದರು. ನೀನು ಕಾರಿಡಾರಿನಲ್ಲಿ ಗೋಡೆ ನೋಡಿಕೊಂಡು 'ನಿನ್ನ ಫೋನ್ ಆಫ್ ಇತ್ತು' ಅಂದೆ.

ಆಫ್ ಇತ್ತು, ನಿಜ. ಒಂದು ಮೆಸೇಜು ಹಾಕಿದ್ದರೆ ಆನ್ ಮಾಡಿದ ತಕ್ಷಣ ಸಿಗುತ್ತಿತ್ತು. ಹೊತ್ತು ಮೀರಿ ಸಿಕ್ಕಿದ್ದರೂ, ಇವಳು ಹೇಳಲು ನೋಡಿದ್ದಾಳೆ ಅನ್ನುವ ಸಮಾಧಾನವಾದರೂ ಇರುತ್ತಿತ್ತು. ಅದೂ ಇಲ್ಲ.

ಈಗ ನಾನು ದಿನಾ ಕೊಳ್ಳೇಗಾಲದಿಂದ ಹನೂರಿಗೆ ಬಸ್ಸು ಹತ್ತುತ್ತೇನೆ. ಅಮಾವಾಸ್ಯೆ ಬಂದರೆ ಬೆಟ್ಟದ ದೇವರಿಗೆ ಹೋಗುವವರ ನೂಕಿನಲ್ಲಿ ಒಂಟಿ ಕಾಲಲ್ಲಿ ನಿಂತು ಬರುತ್ತೇನೆ. ರಾಮಾಪುರದ ಕಡೆಯಿಂದ ಬರುವ ಹುಡುಗಿಯರು 'ಮಿಸ್, ನೀವು ಡಾಕ್ಟರೇಟಾ?' ಅಂತ ಕೇಳುತ್ತಾರೆ. ಎಂ.ಫಿಲ್. ಅನ್ನೇ ತೆಗೆದುಬಿಡುತ್ತಾರಂತೆ, ನಮ್ಮದೇ ಕೊನೆಯ ಬ್ಯಾಚಂತೆ. ಆ ಹುಡುಗಿಯರಿಗೆ ಅದು ಏನು ಅಂತಲೂ ಮುಂದೆ ಅರ್ಥವಾಗಲಿಕ್ಕಿಲ್ಲ.

ಸೀಟು ತಗೊಂಡೆ, ಈಗ ನನ್ನ ಅವ್ವನನ್ನೂ ಕೇಳುತ್ತಿದ್ದೀಯ. ನಿನಗೆ ಮುಖ ಅನ್ನುವುದು ಇದೆಯಾ? ನಮ್ಮ ಬೀದಿಗೆ ಬರಬೇಡ.

ಮೋನಿಕಾ


ಯಳಂದೂರು
9 ಆಗಸ್ಟ್ 2022

ಮೋನಿಕಾ,

ಹಬ್ಬಕ್ಕೆಂದು ಊರಿಗೆ ಬಂದವಳು ನಿನ್ನ ಕಾಗದವನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೇನೆ. ಅಪ್ಪ ಎರಡು ಸಲ ಕೇಳಿದರು, ಯಾಕಮ್ಮ ಮುಖ ಹೀಗಿದೆ ಅಂತ. ಅವರ ಮುಂದೆ ನಿನ್ನ ಹೆಸರು ಎತ್ತಲಿಲ್ಲ. ಹೋದ ದೀಪಾವಳಿಗೆ ನೀನು ಬಂದಾಗ ಕೈಯಾರೆ ನಿನಗೆ ಕಜ್ಜಾಯ ಬಡಿಸಿದವರು ಅವರು.

ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದದ್ದು ನಿನ್ನ ಮನೆಯ ಮರ್ಯಾದೆಗಾಗಿ. ಈಗ 'ಮುಖ ಇದೆಯಾ' ಅಂತ ಕೇಳಿದ್ದೀಯ, ಹೇಳುತ್ತೇನೆ.

ಮಂಗಳವಾರ ಮಧ್ಯಾಹ್ನ ನಾನು ಫೋನ್ ಮಾಡಿದೆ. ನಿನ್ನದು ಆಫ್ ಇತ್ತು. ಆಮೇಲೆ ನಿನ್ನ ಅಮ್ಮನಿಗೆ ಮಾಡಿದೆ. ಅವರೇ ಎತ್ತಿದರು. ಬುಧವಾರ ಬೆಳಿಗ್ಗೆ ಹತ್ತಕ್ಕೆ ಮೈಸೂರಿನಲ್ಲಿರಬೇಕು ಎಂದು ಬಿಡಿಸಿ ಹೇಳಿದೆ. 'ಆಯ್ತು ಕಣವ್ವ, ಯೋಳ್ತೀನಿ' ಅಂದರು. ಹೇಳಿದ ಮೇಲೆ ನನ್ನ ಕೆಲಸ ಮುಗಿಯಿತಲ್ಲವಾ? ನೀನು ಬರಲಿಲ್ಲ. ಬರಲು ಇಷ್ಟವಿಲ್ಲವೇನೋ, ಮದುವೆ ಮಾತೇನಾದರೂ ಬಂತೇನೋ ಅಂದುಕೊಂಡೆ.

ಬೇಕಿದ್ದರೆ ನಿನ್ನ ಅಮ್ಮನನ್ನೇ ಕೇಳು. ಐದು ತಿಂಗಳಿಂದ ನಾನು ಕಳ್ಳಿ ಅನ್ನಿಸಿಕೊಂಡಿದ್ದೇನೆ. ಅವರು ನಿನ್ನ ಎದುರಿಗೇ ಮುದ್ದೆ ತಿರುವುತ್ತಾ ಕೂತಿದ್ದಾರೆ.

ನಾಗಶ್ರೀ


ಹನೂರು
2 ಅಕ್ಟೋಬರ್ 2022

ನಾಗು,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಮೊದಲು ಅದನ್ನು ಹರಿದು ಹಾಕಿದೆ. ಅವ್ವನನ್ನು ಕೇಳಲು ಧೈರ್ಯ ಬರಲಿಲ್ಲ. ಕೇಳದೆ ಇದ್ದರೆ ನೀನೊಬ್ಬಳೇ ಕೆಟ್ಟವಳಾಗಿ ಉಳಿಯುತ್ತೀಯ, ಅದು ಹೇಗೋ ಸಹಿಸಿಕೊಳ್ಳಬಹುದಿತ್ತು.

ಕೊನೆಗೆ ಮಹಾಲಯ ಅಮಾವಾಸ್ಯೆಯ ದಿನ ಕೇಳಿದೆ. ಅವ್ವ ಅಡಿಗೆಮನೆಯಲ್ಲಿ ಎಡೆಗೆ ವಡೆ ತಟ್ಟುತ್ತಿದ್ದಳು. "ಮಾರ್ಚಲ್ಲಿ ನಾಗಶ್ರೀ ಫೋನ್ ಮಾಡಿದ್ಲಾ?" ಅಂದೆ.

"ಮಾಡಿದ್ಲು."

"ನಂಗ್ಯಾಕೆ ಯೋಳ್ನಿಲ್ಲ?"

"ನೀನು ಕೆಚ್ಚಕ್ಕೆ ಕೂತಿದ್ದಲ್ಲವ್ವಾ. ಎಂಗ್ ಯೋಳನೆ?"

ನಿನಗೆ ಇದು ಅರ್ಥವಾಗುತ್ತದೆ. ನನ್ನ ಮೂರನೆಯ ಅಧ್ಯಾಯದಲ್ಲಿ ಬರೆದಿದ್ದೆನಲ್ಲ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲಿನ ಹಳೇ ಹಾಸು ಮುಗಿಯುತ್ತಾ ಬಂದಾಗ ಅದನ್ನು ಪೂರ್ತಿ ತೆಗೆಯುವುದಿಲ್ಲ. ತುದಿ ಉಳಿಸಿಕೊಂಡು, ಬೆರಳಿಗೆ ಬೂದಿ ಹಚ್ಚಿಕೊಂಡು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೇ ಎಳೆಗೆ ಹೊಸೆದು ಕೂಡಿಸುತ್ತೇವೆ. ಅದೇ ಕೆಚ್ಚುವುದು. ಸಾವಿರಾರು ಎಳೆ, ಹೆಂಗಸರ ಕೆಲಸ. ಗಮನ ತಪ್ಪಿ ಒಂದು ಎಳೆ ಅಡ್ಡ ಬಿದ್ದರೆ ಸೀರೆಯುದ್ದಕ್ಕೂ ಅದರ ಗೆರೆ ಹೊಡೆಯುತ್ತದೆ. ಒಬ್ಬೊಬ್ಬರ ಹೊಸೆತ ಒಂದೊಂದು ಥರ, ಅದಕ್ಕೇ ಶುರು ಮಾಡಿದವಳೇ ಮುಗಿಸಬೇಕು. ಮುಗಿಸುವ ತನಕ ಅವಳ ಹತ್ತಿರ ಫೋನು ಇರುವುದಿಲ್ಲ, ಮನೆಯವರು ಅವಳಿಗೆ ಯಾವ ಸುದ್ದಿಯನ್ನೂ ಹೇಳುವುದಿಲ್ಲ. ನನ್ನ ಅಜ್ಜಿ ಕೆಚ್ಚಲು ಕೂತಿದ್ದಾಗ ಅವರ ಅಣ್ಣ ತೀರಿಕೊಂಡರು. ಕೊನೆಯ ಎಳೆ ಮುಗಿದ ಮೇಲೆ ಹೇಳಿದರು. ಅಜ್ಜಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಾರ್ಚಿನಲ್ಲಿ ಅವ್ವನ ಹೆಬ್ಬೆರಳಿಗೆ ಉಗುರುಸುತ್ತು ಆಗಿದ್ದರಿಂದ ನಾನು ಕೂತಿದ್ದೆ. ಗುರುವಾರಕ್ಕೆ ಮುಂಚೆ ಮುಗಿಯುತ್ತದಲ್ಲ ಅಂದುಕೊಂಡು.

ಬುಧವಾರ ಸಂಜೆ ನಾನು ಕೈ ತೊಳೆದುಕೊಂಡು ಎದ್ದಾಗಲೂ ಅವ್ವ ಹೇಳಲಿಲ್ಲ. "ಒತ್ತು ಮೀರೋಗಿತ್ತು. ಎಂಗೂ ನಾಳೆ ಓಯ್ತೀಯಲ್ಲ, ನಿಮ್ ಮೇಷ್ಟ್ರು ಇನ್ನೊಂದಿನ ಕೊಟ್ಟಾರು ಅಂದ್ಕಂಡೆ" ಅಂದಳು. ಗುರುವಾರ ನಾನು ಅಳುತ್ತಾ ಬಂದು ನಿನ್ನನ್ನು ಬಾಯಿಗೆ ಬಂದ ಹಾಗೆ ಬಯ್ಯುವುದನ್ನು ಕೇಳಿಸಿಕೊಂಡು ನನಗೆ ಅನ್ನ ಹಾಕಿದ್ದಾಳೆ. ಬಾಯಿ ಬಿಟ್ಟಿಲ್ಲ. "ಆ ಉಡ್ಗೀನೇ ಅವತ್ತು" ಎಂದು ಇನ್ನೂ ಏನೋ ಹೇಳಲು ಬಂದಳು. ನಾನು ಕೇಳಲಿಲ್ಲ. ಅವಳ ಮುಖ ನೋಡಿಕೊಂಡು ನಿಲ್ಲುವುದಕ್ಕೂ ನನ್ನಿಂದ ಆಗಲಿಲ್ಲ. ಬಟ್ಟೆ ತುಂಬಿಕೊಂಡು ಹನೂರಿಗೆ ಬಂದೆ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ರೂಮು ಹಿಡಿದಿದ್ದೇನೆ.

ನಿನಗೆ ಬರೆದದ್ದನ್ನೆಲ್ಲ ಹಿಂದಕ್ಕೆ ತಗೊಳ್ಳುತ್ತೇನೆ. ತಪ್ಪಾಯಿತು. ನಮ್ಮ ಬೀದಿಗೆ ಹೋಗು, ಯಾರನ್ನು ಬೇಕಾದರೂ ಕೇಳು. ನನಗೆ ಆ ಮಗ್ಗದ ಸದ್ದೇ ಬೇಡವಾಗಿದೆ.

ಮೋನಿ


ಮೈಸೂರು
18 ನವೆಂಬರ್ 2022

ಪ್ರೀತಿಯ ಮೋನಿ,

ನಿನ್ನ ಕಾಗದ ಓದಿ ಅತ್ತೆ. ಎದೆಯ ಮೇಲಿನ ಭಾರ ಇಳಿದ ಹಾಗಾಯಿತು.

ಕೊಳ್ಳೇಗಾಲಕ್ಕೆ ಹೋಗಿ ಬಂದೆ, ಒಂದಲ್ಲ, ಹಲವು ಸಲ. ನಿನ್ನ ಅಮ್ಮ ಎಷ್ಟು ಒಳ್ಳೆಯವರು! ಮೊದಲ ದಿನ ನನ್ನನ್ನು ನೋಡಿ ಹೆದರಿಕೊಂಡರು. ಆಮೇಲೆ ತಾವೇ ಮನೆಮನೆಗೆ ಕರೆದುಕೊಂಡು ಹೋದರು. ನಿನ್ನ ಅಪ್ಪ ಮಾತ್ರ ಮಗ್ಗದಿಂದ ತಲೆ ಎತ್ತಲಿಲ್ಲ. ಅವರದು ಮೊದಲಿಂದಲೂ ಮಾತು ಕಡಿಮೆ ತಾನೆ? ನಿನ್ನ ತಮ್ಮ ಚೌಡೇಶ್ ಬಸ್‌ಸ್ಟ್ಯಾಂಡಿನವರೆಗೆ ಬೈಕಿನಲ್ಲಿ ಬಿಟ್ಟ.

ಅಮ್ಮ ಕೆಚ್ಚುವುದನ್ನು ಇಡೀ ದಿನ ಪಕ್ಕದಲ್ಲಿ ಕೂತು ನೋಡಿದೆ. ಆ ಸುದ್ದಿ ಹೇಳಬಾರದೆನ್ನುವ ಪದ್ಧತಿ, ನಿನ್ನ ಅಜ್ಜಿಯ ಕಥೆ, ಇವನ್ನು ಜನವರಿಯಲ್ಲಿ ನಿನ್ನ ಅಧ್ಯಾಯದಲ್ಲಿ ಓದಿದಾಗಲೇ ನನಗೆ ಮೈ ಜುಮ್ಮೆಂದಿತ್ತು. ಈಗ ಕಣ್ಣಾರೆ ಕಂಡೆ. ಸರ್ ಕೂಡ, ಇಡೀ ಪ್ರಬಂಧದ ಜೀವ ಇದೇ ಅಂದರು.

ಅಮ್ಮನ ಮೇಲೆ ಕೋಪ ಸಾಕು ಮಾಡು. ಪಾಪ, ಹಳೇ ಕಾಲದವರು, ಅವರಿಗೇನು ಗೊತ್ತು ಕಮಿಟಿ, ಕನ್ವರ್ಷನ್ ಎಲ್ಲ? ನಿನ್ನ ವಿಷಯ ಸರ್ ಕಿವಿಗೆ ಹಾಕುತ್ತಲೇ ಇರುತ್ತೇನೆ. ಮುಂದೆ ಯಾರಾದರೂ ಬಿಟ್ಟರೆ ಒಂದು ಸೀಟು ಖಾಲಿಯಾಗಬಹುದು.

ನಿನ್ನ,
ನಾಗು


ಕೊಳ್ಳೇಗಾಲ
8 ಜನವರಿ 2023

ಅಕ್ಕ,

ನೀನು ಫೋನ್ ಎತ್ತುತ್ತಿಲ್ಲ. ಅವ್ವ ಕಾಗದ ಬರಿ ಅಂತ ಹಟ ಹಿಡಿದಿದ್ದಾಳೆ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ನನಗೆ ಬಯ್ಯಬೇಡ.

"ಮೋನಿ, ಸಂಕ್ರಾಂತಿಗೆ ಬಾರವ್ವ. ನಿಮ್ಮಪ್ಪ ಯೋಳಲ್ಲ, ಆದ್ರೆ ಊಟಕ್ಕೆ ಕೂತಾಗೆಲ್ಲ ಬಾಗ್ಲು ಕಡೆ ನೋಡ್ತರೆ. ನಂದು ತಪ್ಪು ಕಣವ್ವ. ನೀನು ಅತ್ಕಂಡ್ ಬಂದಾಗ ಯೋಳ್ಬೇಕಾಗಿತ್ತು, ಎದ್ರುಕೊಂಡ್ಬುಟ್ಟೆ. ನನ್ನಿಂದ ನಿನ್ ಓದು ನಿಂತೋಯ್ತು ಅಂತ ಗೊತ್ತಾದ್ರೆ ನೀನು ನನ್ನ ಅವ್ವ ಅನ್ನಲ್ಲ ಅಂದ್ಕಂಡೆ. ಈಗ ಅದೇ ಆಯ್ತು.

"ನಿನ್ ಗೆಳ್ತಿ ಬಂದಿದ್ಲು. ನಿಮ್ ಮೇಷ್ಟ್ರಿಗೆ ಯೋಳಿ ನಿಂಗೂ ಸೀಟು ಕೊಡಿಸ್ತೀನಿ ಅಂದ್ಳು. ಅದ್ಕೇ ನಂಗ್ ಗೊತ್ತಿರದೆಲ್ಲ ಯೋಳ್ದೆ, ಬೀದಿ ಎಂಗಸ್ರ ಅತ್ರನೂ ಯೋಳಿಸ್ದೆ. ಒಳ್ಳೆ ಉಡ್ಗಿ ಕಣವ್ವ, ನಮ್ ಪದ್ಧತಿ ಮ್ಯಾಲೆ ಬೋ ಮರ್ವಾದೆ ಅವ್ಳ್ಗೆ. ಅವತ್ತು ಫೋನ್ ಎತ್ತುದ್ ತಕ್ಷಣ ಕೇಳಿದ್ದೇ, 'ಮೋನಿ ಕೆಚ್ಚಕ್ಕೆ ಕೂತವ್ಳಾ ಅಮ್ಮ?' ಅಂತ. ಊ ಕಣವ್ವ ಅಂದೆ. ಆಮ್ಯಾಕೆ ಇಸ್ಯ ಯೋಳುದ್ಲು. 'ಎಬ್ಬಿಸ್ಬೇಡಿ, ಮುಗುದ್ ಮ್ಯಾಲೆ ಯೋಳಿ' ಅಂದ್ಳು. ನಮ್ ಮಗಳೇ ಆಗಿದ್ರೂ ಇಷ್ಟು ತಿಳ್ಕೊಳ್ತಿರ್ನಿಲ್ಲ ಅಂದ್ಕಂಡೆ."

ಇಷ್ಟೇ ಅಕ್ಕ. ಬರೆಯುವಾಗ ಈ ಕೊನೆಯ ಮಾತಿಗೆ ನನ್ನ ಕೈ ನಿಂತಿತು. ಅವ್ವನಿಗೆ ನಾನೇನೂ ಹೇಳಿಲ್ಲ. ನೀನು ಬಾ.

ಚೌಡೇಶ್


ಮೈಸೂರು
10 ಫೆಬ್ರವರಿ 2023

ಪ್ರೀತಿಯ ಮೋನಿ,

ಸಂಕ್ರಾಂತಿಗೆ ಮನೆಗೆ ಹಿಂತಿರುಗಿದೆಯಂತೆ, ಅಮ್ಮ ಫೋನಿನಲ್ಲಿ ಹೇಳಿದರು. ಅವರ ದನಿಯೇಕೋ ಮೊದಲಿನ ಹಾಗೆ ಇರಲಿಲ್ಲ, ಹುಷಾರಿಲ್ಲವೇನೋ.

ಇದರ ಜೊತೆ ಎರಡು ಒಪ್ಪಿಗೆ ಪತ್ರ ಇಟ್ಟಿದ್ದೇನೆ. ಪ್ರಬಂಧಕ್ಕೆ ಮಾಹಿತಿ ಕೊಟ್ಟವರೆಲ್ಲರ ಸಹಿ ಬೇಕಂತೆ, ಈಗ ಹೊಸ ನಿಯಮ. ಒಂದು ಅಮ್ಮನದು. ಇನ್ನೊಂದು ನಿನ್ನದು. ನಿನ್ನ ಅಧ್ಯಾಯದಿಂದ ಕೆಲವು ವಿವರ ತೆಗೆದುಕೊಂಡಿದ್ದೇನೆ. ಅದು ಅಚ್ಚಾಗಿಲ್ಲವಾದ್ದರಿಂದ ಪುಸ್ತಕಪಟ್ಟಿಯಲ್ಲಿ ಹಾಕಲು ಬರುವುದಿಲ್ಲ, ಮಾಹಿತಿದಾರರ ಪಟ್ಟಿಯಲ್ಲಿ ನಿನ್ನ ಹೆಸರು ಸೇರಿಸು ಅಂದರು ಸರ್. ಮಾರ್ಚಿನೊಳಗೆ ಕಳಿಸುತ್ತೀಯಾ? ಸ್ವಲ್ಪ ಅವಸರ.

ನಿನ್ನ,
ನಾಗು


ಕೊಳ್ಳೇಗಾಲ
26 ಫೆಬ್ರವರಿ 2023

ಸಂಶೋಧನಾರ್ಥಿ ನಾಗಶ್ರೀ ಅವರಿಗೆ,

ಒಪ್ಪಿಗೆ ಪತ್ರಗಳು ಬಂದವು. ಅವ್ವ ಸಹಿ ಹಾಕಿಲ್ಲ. "ಬಂದ್ರೆ ಊಟಕ್ಕಿಕ್ತೀನಿ, ಸೈನ್ ಮಾತ್ರ ಆಕಲ್ಲ" ಅಂದಳು. ಅವಳಿಗೆ ಹುಷಾರಿಲ್ಲದೆ ಏನೂ ಇಲ್ಲ. ನೀನು ಫೋನಿನಲ್ಲಿ ಆಡಿದ ಮಾತನ್ನು ನಾನು ಅವಳಿಂದ ಮತ್ತೆ ಕೇಳಿಸಿಕೊಂಡೆ, ಅಷ್ಟೆ. ಎರಡನೇ ಸಲ ಹೇಳುವಾಗ ಅರ್ಧಕ್ಕೇ ನಿಲ್ಲಿಸಿ ನನ್ನ ಮುಖ ನೋಡಿದಳು. ಅಲ್ಲಿಯವರೆಗೂ ಅವಳಿಗೆ ನೀನು ಒಳ್ಳೆಯ ಹುಡುಗಿಯಾಗಿದ್ದೆ.

ಫೋನ್ ಎತ್ತಿದ ತಕ್ಷಣ ನಾನು ಕೆಚ್ಚಲು ಕೂತಿದ್ದೇನಾ ಎಂದು ಕೇಳಿದೆ. ಹೌದು ಅನ್ನಿಸಿಕೊಂಡ ಮೇಲೆ ವಿಷಯ ಹೇಳಿದೆ. ಎಬ್ಬಿಸಬೇಡಿ ಅಂದೆ. ಆ ಪದ್ಧತಿಯನ್ನು ನೀನು ಹೋದ ವರ್ಷ ಜನವರಿಯಲ್ಲೇ ಓದಿದ್ದೆ, ನವೆಂಬರಿನ ಕಾಗದದಲ್ಲಿ ನೀನೇ ಬರೆದಿದ್ದೀಯ. ಓದಿಸಿದವಳು ನಾನು. ಸರ್‌ಗೆ ತೋರಿಸುವ ಮುಂಚೆ ನಿನಗೆ ಕೊಟ್ಟಿದ್ದೆ, ತಪ್ಪಿದ್ದರೆ ತಿದ್ದಿಕೊಡು ಅಂತ. ನೀನು ಹೇಳಲಿಲ್ಲ ಎಂದು ಇನ್ನು ಯಾರೂ ಅನ್ನುವ ಹಾಗಿಲ್ಲ. ಹೇಳಿದ್ದೀಯ. ಯಾರಿಗೆ ಹೇಳಿದರೆ ನನಗೆ ಹೊತ್ತಿಗೆ ತಲುಪುವುದಿಲ್ಲವೋ ಅವರನ್ನೇ ಹುಡುಕಿ ಹೇಳಿದ್ದೀಯ. ಆಮೇಲೆ ನನ್ನ ಕೈಯಲ್ಲೇ ಅವ್ವನನ್ನು ಬಯ್ಯಿಸಿ, ನಾನು ಬಿಟ್ಟುಹೋದ ಮನೆಯಲ್ಲಿ ಕೂತು ಬರೆದುಕೊಂಡೆ.

ಶಾಂತಮೂರ್ತಿ ಸರ್‌ಗೆ ದೂರು ಕೊಡೋಣ ಅಂದುಕೊಂಡೆ. ಏನೆಂದು ಕೊಡಲಿ? ನಾಗಶ್ರೀ ನಮ್ಮ ಮನೆಯ ಪದ್ಧತಿಗೆ ಮರ್ಯಾದೆ ಕೊಟ್ಟಳು ಎಂದೇ? ಅವರು ಕೈ ತಿರುವಿ ಸುಮ್ಮನಾಗುತ್ತಾರೆ. ಎಂ.ಫಿಲ್. ಕೂಡ ತೆಗೆದೇ ಬಿಟ್ಟರು. ಹೊಸದಾಗಿ ಪಿಎಚ್.ಡಿ.ಗೆ ಪರೀಕ್ಷೆ ಬರೆದು ಸೇರಿದರೂ ಕೊಳ್ಳೇಗಾಲದ ಮಗ್ಗದ ಹೆಂಗಸರ ಮೇಲೆ ಇನ್ನು ನಾನು ಬರೆಯುವಂತಿಲ್ಲ. ನೀನು ಬರೆದಾಗಿದೆ. ನನಗೆ ಹೊಟ್ಟೆ ಉರಿಯುತ್ತದೆ ನಾಗಶ್ರೀ. ಮುಚ್ಚಿಟ್ಟು ಆಗುವುದೇನು, ಉರಿಯುತ್ತದೆ.

ಅವ್ವನ ಜೊತೆ ಮಾತಾಡುತ್ತೇನೆ, ಹೆಚ್ಚಲ್ಲ. ಮೊನ್ನೆ ಹಾಸು ಮುಗಿಯಿತು. ಅವಳೇ ಕೂರಲು ಹೋದಳು. ಬೇಡ ಅಂತ ನಾನೇ ಕೂತೆ. ಫೋನನ್ನು ಅವಳ ಕೈಗೆ ಕೊಟ್ಟೆ. ತಗೊಳ್ಳಲು ಹಿಂಜರಿದಳು, ಬೆರಳು ಸುಡುವ ಪಾತ್ರೆ ಕೊಟ್ಟ ಹಾಗೆ. ಆಮೇಲೆ ಫೋನನ್ನು ಮಗ್ಗದ ಮೇಲೆ, ನನ್ನ ಕಣ್ಣಿಗೆ ಬೀಳುವಲ್ಲಿ ಇಟ್ಟಳು. ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಹಾಗೆ ಇಟ್ಟಿರಲಿಲ್ಲ. ಕೆಚ್ಚಿ ಮುಗಿಸುವವರೆಗೂ ಅದು ಒಮ್ಮೆಯೂ ಬಡಿದುಕೊಳ್ಳಲಿಲ್ಲ.

ನನ್ನ ಪಾಲಿನ ಒಪ್ಪಿಗೆ ಪತ್ರವನ್ನು ತುಂಬಿ ಕಳಿಸಿದ್ದೇನೆ. ಅಂಚೆಯಲ್ಲಿ ಎಲ್ಲಾದರೂ ತಪ್ಪಿಹೋದೀತೆಂದು ಇಲ್ಲಿಯೂ ಬರೆಯುತ್ತೇನೆ.

ಹೆಸರು: ಮೋನಿಕಾ, ತಂದೆ ದೇವಣ್ಣ, ತಾಯಿ ಸರಸ್ವತಮ್ಮ.
ಊರು: ಕೊಳ್ಳೇಗಾಲ.
ಕಸುಬು: ಕೆಚ್ಚುವುದು.
ಮಾಹಿತಿ: ನಮ್ಮ ಮನೆಯಲ್ಲಿ ಕೆಚ್ಚಲು ಕೂತವಳಿಗೆ ಕೊನೆಯ ಎಳೆ ಮುಗಿಯುವವರೆಗೆ ಯಾವ ಸುದ್ದಿಯನ್ನೂ ಹೇಳುವುದಿಲ್ಲ. ಇದು ಮನೆಯವರಿಗೆ ಮಾತ್ರ ಗೊತ್ತಿದ್ದ ಪದ್ಧತಿ. ಹೊರಗಿನವರಲ್ಲಿ ಒಬ್ಬ ಗೆಳತಿಗೆ ನಾನೇ ಹೇಳಿದ್ದೆ.

ಒಂದಕ್ಷರವೂ ಬದಲಿಸದೆ ಪ್ರಬಂಧದಲ್ಲಿ ಹಾಕುವುದಾದರೆ ನನ್ನ ಒಪ್ಪಿಗೆ ಇದೆ.

ಇತಿ,
ಮಾಹಿತಿದಾರಳು
ಮೋನಿಕಾ